ಪೂಜೆಗಿಟ್ಟ ಎರಡು ರೀಮರ್‌ಗಳು

ಪೀಣ್ಯ ಎರಡನೇ ಹಂತ,
೩-೮-೨೦೨೫, ಭಾನುವಾರ

ಯಜಮಾನರಿಗೆ, ಮಹಾನಂದಾಳ ನಮಸ್ಕಾರಗಳು.

ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು ನಿಮಗೆ ಒಂದು ಚೀಟಿಯನ್ನೂ ಬರೆದವಳಲ್ಲ. ಈಗ ಲಕೋಟೆಯ ಮೇಲೆ ಸಿದ್ರಾಮ ಎಂದು ನಿಮ್ಮ ಹೆಸರು ಬರೆದು, ಮಾದನಾಯಕನಹಳ್ಳಿಯ ನಿಮ್ಮ ತಂಗಿಯ ಮನೆಗೆ ಅಂಚೆಗೆ ಹಾಕುತ್ತಿದ್ದೇನೆ. ಗಂಡನ ಹೆಸರು ಹಿಡಿಯಬಾರದು ಎನ್ನುತ್ತಿದ್ದ ಅವ್ವ ನೋಡಿದ್ದರೆ ಬೈಯುತ್ತಿದ್ದಳು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಗುಣ ನನಗೆ ಗೊತ್ತು. ನಾನು ಅರ್ಧ ಹೇಳುವಷ್ಟರಲ್ಲಿ ಇರಲಿ ಬಿಡು ಅಂದುಬಿಡುತ್ತೀರಿ. ಈ ಸಲ ಹಾಗನ್ನುವ ಮೊದಲು ಪೂರ್ತಿ ಕೇಳಬೇಕು. ಸೌಮ್ಯಾ ಒಡೆದು ಓದಿದರೂ ಓದಲಿ, ಅಣ್ಣನ ವಿಷಯದಲ್ಲಿ ಅವಳಿಗೂ ನಾನು ಉತ್ತರ ಕೊಡಬೇಕಿದೆ. ಅವಳಿಗೂ ತಿಳಿಯಲೆಂದು ಬಿಡಿಸಿ ಬರೆಯುತ್ತೇನೆ.

ಜನವರಿಯಲ್ಲಿ ಕಂಪನಿಯಲ್ಲಿ ಪರೀಕ್ಷೆಗೆ ಹಾರಿಸುವಾಗ ನಿಮ್ಮ ಕೈಯಲ್ಲಿ ರೈಫಲ್ ಸಿಡಿದದ್ದು ನಿಮ್ಮ ತಪ್ಪಿನಿಂದಲ್ಲ. ನನ್ನ ತಪ್ಪಿನಿಂದ.

ನಮ್ಮ ಗಂಗಪ್ಪನವರ ವರ್ಕ್‌ಶಾಪಿನಿಂದ, ರೈಫಲ್ ತಯಾರಿಸುವ ನಿಮ್ಮ ಕಂಪನಿಗೆ ಎರಡು ಹೊಸ ರೀಮರ್ ಮಾಡಿಕೊಟ್ಟಿದ್ದೆವು. ಬ್ಯಾರೆಲ್ಲಿನ ಹಿಂತುದಿಯಲ್ಲಿ ಗುಂಡು ಮದ್ದು ತುಂಬಿದ ರೌಂಡ್ ಕೂರುವ ಜಾಗವನ್ನು, ಅಂದರೆ ಚೇಂಬರನ್ನು, ಕೊರೆಯುವ ಹತಾರ ಅದು. ಒಂದು ಪೊಲೀಸರಿಗೆ ಹೋಗುವ ೫.೫೬ ರೈಫಲ್ಲಿಗೆ, ಇನ್ನೊಂದು ಕ್ರೀಡೆಯ ೨೨೩ ರೈಫಲ್ಲಿಗೆ. ಎರಡನ್ನೂ ನಾನೇ ಅಳೆದು ಅಳತೆಯ ಪಟ್ಟಿ ಬರೆದೆ. ಗುರುತು ಕೆತ್ತಿಸುವುದು ಬಾಕಿ ಇತ್ತು. ಅಲ್ಲಿಯವರೆಗೆ ಯಾವುದು ಯಾವುದೆಂದು ತಿಳಿಯುತ್ತಿದ್ದುದು ಅವುಗಳ ಪ್ಲಾಸ್ಟಿಕ್ ಕೊಳವೆಗೆ ಅಂಟಿಸಿದ ಚೀಟಿಯಿಂದ ಮಾತ್ರ.

ಅಷ್ಟರಲ್ಲಿ ಹೋದ ವರ್ಷದ ಆಯುಧಪೂಜೆ ಬಂತು. ಪೀಣ್ಯದಲ್ಲಿ ಅದು ಹೇಗೆಂದು ನಿಮಗೆ ಹೇಳಬೇಕೆ? ಸ್ಪ್ಯಾನರಿನಿಂದ ಹಿಡಿದು ಲೇತಿನವರೆಗೆ ಎಲ್ಲವನ್ನೂ ಸೀಮೆಎಣ್ಣೆ ಹಾಕಿ ಒರೆಸಿ ಅರಿಸಿನ ಕುಂಕುಮ ಇಟ್ಟೆವು. ಹೊಸ ಹತಾರವನ್ನು ಕೊಳವೆಯಲ್ಲಿ ಮುಚ್ಚಿಟ್ಟರೆ ಪೂಜೆ ಆದಂತೆಯೇ ಅಲ್ಲ ಎಂದರು ಗಂಗಪ್ಪನವರು. ನಾನು ಎರಡನ್ನೂ ಹೊರತೆಗೆದು ಹಲಗೆಯ ಮೇಲೆ ಇಟ್ಟೆ. ರಜೆ ಮುಗಿಸಿ ಬಂದು ನಾನೇ ಒರೆಸಿ ಕೊಳವೆಗೆ ಹಾಕಿದೆ, ಅದಲು ಬದಲು ಮಾಡಿ. ಮತ್ತೊಮ್ಮೆ ಅಳೆಯಬೇಕಿತ್ತು. ಪಟ್ಟಿ ಸಿದ್ಧವಿದೆಯಲ್ಲ ಎಂದು ಸಹಿ ಹಾಕಿ ಗುರುತು ಕೆತ್ತಲು ಕಳಿಸಿದೆ.

ಮುಂದಿನದನ್ನು ನೀವೇ ನನಗೆ ಕಲಿಸಿದ್ದೀರಿ. ಆ ಎರಡು ಬಗೆಯ ರೌಂಡುಗಳು ನೋಡಲು ಅವಳಿ ಜವಳಿ. ಯಾವುದನ್ನು ಯಾವ ಚೇಂಬರಿಗೆ ಹಾಕಿದರೂ ಕೂರುತ್ತದೆ. ವ್ಯತ್ಯಾಸ ಇರುವುದು ಚೇಂಬರಿನ ತುದಿಯಲ್ಲಿ, ಗುಂಡು ಬ್ಯಾರೆಲ್ಲಿನ ಗೆರೆಗಳನ್ನು ಕಚ್ಚುವ ಮೊದಲು ಜಾರುವ ಒಂದು ಮಿಲಿಮೀಟರಿಗೂ ಕಡಿಮೆ ಜಾಗದಲ್ಲಿ. ೨೨೩ರಲ್ಲಿ ಆ ಜಾಗ ಗಿಡ್ಡ. ೨೨೩ ರೌಂಡನ್ನು ೫.೫೬ರ ಚೇಂಬರಿನಲ್ಲಿ ಹಾರಿಸಿದರೆ ತೊಂದರೆಯಿಲ್ಲ. ೫.೫೬ ರೌಂಡನ್ನು ೨೨೩ರ ಚೇಂಬರಿನಲ್ಲಿ ಹಾರಿಸಿದರೆ ಗುಂಡು ಬೇಗ ಕಚ್ಚಿ ಒಳಗಿನ ಒತ್ತಡ ಮಿತಿ ಮೀರುತ್ತದೆ. ನಾನು ಚಪಾತಿ ಲಟ್ಟಿಸುವಾಗ ನೀವು ಪಕ್ಕದಲ್ಲಿ ನಿಂತು ಇದನ್ನೆಲ್ಲ ಹೇಳಿದ್ದಿರಿ. “ಒಳಗ ಹೋತು ಅಂದ್ರ ಹೊಂದ್ತು ಅಂತ ಅಲ್ಲ, ನಂದಾ” ಅಂದಿದ್ದಿರಿ. ನಾನು ಹಿಟ್ಟು ಮುಗಿಯಿತು ಅಂದಿದ್ದೆ.

೫.೫೬ ಎಂದು ಕೆತ್ತಿದ ರೀಮರ್ ನಿಜವಾಗಿ ೨೨೩ರದು. ಅದರಿಂದ ಕೊರೆದ ರೈಫಲ್ಲಿಗೆ ನೀವು ಗುರುತು ನೋಡಿ, ಪೆಟ್ಟಿಗೆ ನೋಡಿ, ಸರಿಯಾದ ರೌಂಡನ್ನೇ ಹಾಕಿದಿರಿ. ರೌಂಡಿನ ತಳದ ಕ್ಯಾಪ್ ಕಿತ್ತು ಬೆಂಕಿಯಂಥ ಗಾಳಿ ಮುಖಕ್ಕೆ ಬಡಿಯಿತು. ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳಿಯಿತು, ಕೆನ್ನೆ ಸುಟ್ಟಿತು. ಅದಲು ಬದಲಾದ ಇನ್ನೊಂದು ರೀಮರಿನ ರೈಫಲ್ಲುಗಳಿಂದ ಯಾರಿಗೂ ಏನೂ ಆಗಲಿಲ್ಲ, ಹಾಗಾಗಿ ಅನುಮಾನವೇ ಬರಲಿಲ್ಲ. ವಿಚಾರಣೆಯಲ್ಲಿ ಗೇಜ್ ಹಾಕಿ ನೋಡಿದರು, ಸರಿಯಾಗಿ ಕೂತಿತು. ಆ ಗೇಜ್ ತುದಿಯ ಜಾಗವನ್ನು ಅಳೆಯುವುದೇ ಇಲ್ಲ. ರೈಫಲ್ ಸರಿಯಿದೆ, ಸಿದ್ರಾಮನೇ ಹೆಚ್ಚು ಮದ್ದಿನ ಪರೀಕ್ಷಾ ರೌಂಡನ್ನು ಬೆರೆಸಿದ್ದಾನೆ ಎಂದು ಬರೆದು ನಿಮ್ಮನ್ನು ಕೆಲಸದಿಂದ ತೆಗೆದರು. ಹದಿನೇಳು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿದವರಿಗೆ ಈ ಮಾತು.

ಚೇಂಬರ್ ಬಿಗಿ ಇದೆ ಎಂದು ನೀವು ಮೊದಲಿನಿಂದ ಹೇಳುತ್ತಲೇ ಇದ್ದಿರಿ. ಕಂಪನಿ ನಂಬಲಿಲ್ಲ. ಮನೆಯಲ್ಲಿ ನಾನು, ಕುಣಿಯಲಾರದವಳಿಗೆ ನೆಲ ಡೊಂಕು ಅಂದೆ. ನನ್ನ ನಾಲಿಗೆ ಯಾವತ್ತೂ ಉದ್ದ, ಆದರೆ ಅಷ್ಟು ಕೆಟ್ಟ ಮಾತು ಹಿಂದೆ ಆಡಿರಲಿಲ್ಲ. “ನೀನರ ನಂಬ್ತಿ ಅಂದ್ಕೊಂಡಿದ್ದೆ” ಅಂದಿರಿ. ಅದಾದ ಎರಡು ದಿನಕ್ಕೆ ಮನೆ ಬಿಟ್ಟು ತಂಗಿಯ ಮನೆಗೆ ಹೊರಟಿರಿ. ಈಗ ಗೋದಾಮಿನ ಗೇಟಿನಲ್ಲಿ ಕೂತು ಲಾರಿ ನಂಬರ್ ಬರೆದುಕೊಳ್ಳುತ್ತೀರಂತೆ. ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಹೋದ ವಾರ ೫.೫೬ ಎಂದು ಕೆತ್ತಿದ ಆ ರೀಮರ್ ಸಾಣೆಗೆಂದು ವಾಪಸ್ ಬಂತು. ಪ್ರೊಜೆಕ್ಟರಿನ ಪರದೆಯ ಮೇಲೆ ನೆರಳು ಹಾಕಿ ನಕ್ಷೆಯೊಂದಿಗೆ ಹೋಲಿಸಿದೆ. ಮೂತಿ ಗಿಡ್ಡ. ಮೂರು ಸಲ ಅಳೆದೆ. ಅದೇ ರೀಮರಿನಿಂದ ಕೊರೆದು, ಅಪಘಾತದ ನಂತರ ಬೀಗ ಹಾಕಿಟ್ಟಿದ್ದ ಹದಿನಾಲ್ಕು ಬ್ಯಾರೆಲ್ಲುಗಳನ್ನು ಕಂಪನಿಯವರು ಈ ತಿಂಗಳು ಜೋಡಿಸಲು ತೆಗೆಯುತ್ತಾರೆಂದೂ ಈ ವಾರವೇ ತಿಳಿಯಿತು. ಹದಿನಾಲ್ಕು ಕಾನ್‌ಸ್ಟೇಬಲ್‌ಗಳ ಕೆನ್ನೆಗಳು ನನ್ನ ಕಣ್ಣ ಮುಂದೆ ಬಂದವು. ಗಂಗಪ್ಪನವರಿಗೆ ಹೇಳಿದೆ. ಅವರು ಕುರ್ಚಿ ಎಳೆದು ಕೂತುಬಿಟ್ಟರು. “ನೀನ್ ಬಾಯ್ಬಿಡ್ದೆ ಇದ್ರೆ ಯಾರ್ಗೂ ಗೊತ್ತಾಗಲ್ಲ ಕಣಮ್ಮ. ನನ್ ಅಂಗಡಿ ಮುಚ್ಚಿಸ್ಬೇಡ” ಅಂದರು. ಕೆಟ್ಟವರಲ್ಲ ಅವರು, ಹೆದರಿದ್ದರು.

ನಿನ್ನೆ ಕಂಪನಿಗೆ ಹೋಗಿ ರೀಮರನ್ನು ಮೇಜಿನ ಮೇಲಿಟ್ಟು ಹೇಳಿಕೆ ಬರೆದುಕೊಟ್ಟೆ. ಒಂದು ಚೇಂಬರಿಗೆ ಅಚ್ಚು ಹೊಯ್ದು ಅಳೆದು ನೋಡಿದರು. ಅಲ್ಲೂ ತುದಿಯ ಜಾಗ ಗಿಡ್ಡವೇ ಇತ್ತು. ಬ್ಯಾರೆಲ್ಲುಗಳನ್ನು ನಾಶ ಮಾಡುತ್ತಾರೆ, ನಿಮ್ಮ ಮೇಲಿನ ವರದಿಯನ್ನು ರದ್ದು ಮಾಡಿ ನಿಮ್ಮನ್ನು ಕರೆಸುತ್ತಾರಂತೆ. ಕರೆದರೆ ಹೋಗಿ. ಬಾಯಿಮಾತಿಗೆ ಒಪ್ಪಬೇಡಿ, ತಪ್ಪು ನಿಮ್ಮದಲ್ಲ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಾನು ಸೋಮವಾರದಿಂದ ವರ್ಕ್‌ಶಾಪಿಗೆ ಹೋಗುವಂತಿಲ್ಲ. ಅದು ನ್ಯಾಯವೇ.

ಮನೆಗೆ ಬನ್ನಿ ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದು ಹಾಕಿದೆ. ನಿಮ್ಮ ಮೇಲೆ ನನಗೆ ತುಂಬಾ ಪ್ರೀತಿ. ಎದುರಿಗೆ ಇದ್ದಾಗ ಹೇಳಿದವಳಲ್ಲ.

ಇಂತಿ,
ನಿಮ್ಮ ಮಹಾನಂದಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ರೀಮರ್ ವಾಪಸ್ ಬಂದದ್ದು ಹೋದ ವಾರವಲ್ಲ, ಫೆಬ್ರವರಿ ಹತ್ತೊಂಬತ್ತಕ್ಕೆ. ಅವತ್ತೇ ಅಳೆದೆ. ಹೊಸದೊಂದನ್ನು ಮಾಡಿಸಿ ಕಳಿಸಿ, ಇದನ್ನು ಐದೂವರೆ ತಿಂಗಳು ನನ್ನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೆ. ಕಂಪನಿಗೆ ಕೊಟ್ಟ ಹೇಳಿಕೆಯಲ್ಲೂ ಇದೇ ಸುಳ್ಳಿದೆ. ನಾಳೆ ಹೋಗಿ ತಿದ್ದಿಸುತ್ತೇನೆ. ನೀವು ಮನೆ ಬಿಟ್ಟದ್ದು ಇಪ್ಪತ್ತೆರಡಕ್ಕೆ. ನಿಮ್ಮ ಚೀಲಕ್ಕೆ ರೊಟ್ಟಿ ಕಟ್ಟಿ ಇಡುವಾಗ ನನಗೆ ಎಲ್ಲ ಗೊತ್ತಿತ್ತು.