ಅಜ್ಜಯ್ಯನ ಮುಂದೆ ಎಂಟು ಜನ

ಅಜ್ಜಯ್ಯನ ಗುಡಿಯ ಹಿಂದಿನ ಓಣಿ,
ಥಾ ಮಖಾಮ್
ಬುದ್ಧವರ್ಷ 2564, ನವೆಂಬರ್ 21, ಭಾನುವಾರ

ಪ್ರೀತಿಯ ಲಮ್ಯಾಯ್,

ಮಂಡಿಯ ಹೊಲಿಗೆ ಬಿಚ್ಚಿದರೆಂದು ನಿನ್ನ ಮಗಳು ತಿಳಿಸಿದಳು. ಸಮಾಧಾನವಾಯಿತು. ನೀನು ಎರಡು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬಿಡುವಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಈ ವರ್ಷ ನಮ್ಮಂಥವರ ಬಳಿ ಇರುವುದೇ ಬಿಡುವು ಎಂದು ನಿನಗೂ ಗೊತ್ತು. ಫೋನಿನಲ್ಲಾದರೆ ನಿನ್ನ ದನಿ ಕೇಳಬೇಕಾಗುತ್ತದೆ, ಕಾಗದದಲ್ಲಿ ನಾನೊಬ್ಬಳೇ ಮಾತಾಡಬಹುದು. ತಡವಾದದ್ದನ್ನು ಕ್ಷಮಿಸು.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನದಿಕಟ್ಟೆಯ ಅಂಗಡಿಗಳು ಈಗಿಲ್ಲ. ನಿನ್ನ ಪಡ್ಡಿನ ಅಂಗಡಿಯೂ ಇಲ್ಲ. ಹದಿನೈದು ದಿನದ ಹಿಂದೆ ಬೆಳಗ್ಗೆ ಯಂತ್ರ ತಂದರು, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿದರು. ನಿನ್ನ ಪಡ್ಡಿನ ಕಾವಲಿ, ತೆಂಗಿನಹಾಲು ಸೋಸುವ ಬಟ್ಟೆ ನನ್ನ ಮಂಚದ ಕೆಳಗಿವೆ. ಬೆಂಚು ಎತ್ತಲು ನನ್ನೊಬ್ಬಳಿಂದ ಆಗಲಿಲ್ಲ. ಮಂಡಿ ವಾಸಿಯಾದ ಮರುದಿನವೇ ಬಂದು ಒಲೆ ಹಚ್ಚುತ್ತೇನೆ ಎಂದು ನೀನು ಬಸ್ಸು ಹತ್ತಿದ್ದೆ. ಅದು ನೆನಪಾದಾಗಲೆಲ್ಲ ಪೆನ್ನು ಕೆಳಗಿಟ್ಟೆ.

ನಿನಗೆ ಹೇಳದ ಒಂದು ಸಂಗತಿಯಿದೆ. ಏಪ್ರಿಲ್‌ನಲ್ಲಿ ಅಂಗಡಿ ತೆರವಿನ ನೋಟೀಸು ಅಂಟಿಸಿದಾಗ ನಾನು ಅಜ್ಜಯ್ಯನಿಗೆ ಹರಕೆ ಹೊತ್ತಿದ್ದೆ. 'ಲಮ್ಯಾಯ್‌ಳ ಅಂಗಡಿ ಉಳಿದರೆ, ಅಜ್ಜಯ್ಯಾ, ಒಂಬತ್ತು ದಿನ ನಿನ್ನ ಮುಂದೆ ಬಿಟ್ಟಿ ಕುಣಿಯುತ್ತೇನೆ' ಎಂದಿದ್ದೆ. ಇಪ್ಪತ್ತೆರಡು ವರ್ಷ ಹರಕೆ ಫಲಿಸಿದ ಕಂಡವರಿಗೆಲ್ಲ ಕೂಲಿಗೆ ಕುಣಿದವಳು ಮೊದಲ ಸಲ ನನ್ನದೊಂದನ್ನು ಕೇಳಿದ್ದೆ.

ರೋಗದ ಹೆಸರಿನಲ್ಲಿ ಮುಚ್ಚಿದ್ದ ಗುಡಿ ಹೋದ ತಿಂಗಳು ತೆರೆಯಿತು. ಜನ ಬರುತ್ತಾರೆ, ಆದರೆ ನಮ್ಮನ್ನು ಕರೆಯುವುದಿಲ್ಲ. ನಮ್ಮ ಕುಣಿತದ ಬದಲು ಮಣ್ಣಿನ ನರ್ತಕಿಯರ ಗೊಂಬೆ ತಂದಿಟ್ಟು ಕೈಮುಗಿದು ಹೋಗುತ್ತಾರೆ. ಚಾವಡಿಯಲ್ಲಿ ಕುಣಿತದ ಕಿರೀಟವನ್ನು ಮಡಿಲಲ್ಲಿಟ್ಟುಕೊಂಡು ನಾವು ಎಂಟು ಜನ, ಎದುರಿಗೆ ನೂರಾರು ಗೊಂಬೆಗಳು. ನಮ್ಮ ಸಾಯಿಪಿನ್ ಸುಮ್ಮನಿರುತ್ತಾಳೆಯೇ? ಒಂದು ಗೊಂಬೆಯ ಗಲ್ಲ ಹಿಂಡಿ, "ನೋಡಕ್ಕಾ, ಇವಳಿಗೆ ಮಂಡಿನೋವಿಲ್ಲ, ಹೊಟ್ಟೇನೂ ಹಸಿಯಲ್ಲ. ನಮ್ಗಿಂತ ಒಳ್ಳೆ ಕೆಲ್ಸದೋಳು," ಎಂದಳು.

ಪುರಸಭೆಯಿಂದ ಒಬ್ಬಳು ಹುಡುಗಿಯೂ ಬಂದಿದ್ದಳು. ಕಷ್ಟಕಾಲದಲ್ಲಿ ಸ್ವಂತ ದುಡಿಮೆಯವರ ಕ್ಷೇಮ ವಿಚಾರಿಸುವುದಂತೆ. ಅವಳ ಪಟ್ಟಿಯಲ್ಲಿ ಕ್ಷೌರಿಕರಿದ್ದರು, ತಳ್ಳುಗಾಡಿಯವರಿದ್ದರು. ಹರಕೆಗೆ ಕುಣಿಯುವವರು ಇರಲಿಲ್ಲ. 'ಇತರೆ' ಎಂದು ಗುರುತು ಹಾಕಿಕೊಂಡಳು. ಆಮೇಲೆ ಪ್ರಶ್ನೆಗಳು.

"ಕಳೆದ ಎರಡು ವಾರದಲ್ಲಿ ನಿಮ್ ಬಗ್ಗೆ ನಿಮ್ಗೇ ಅಸಹ್ಯ ಅನ್ಸಿದ್ಯಾ ಅಕ್ಕಾ? ಇಲ್ಲವೇ ಇಲ್ಲ, ಕೆಲವು ದಿನ, ದಿನಾಲೂ. ಯಾವ್ದು?"

"ಅಸಹ್ಯ ಅಂದ್ರೆ ಈ ಕಿರೀಟದ ಮೇಲಮ್ಮ," ಎಂದಳು ಸಾಯಿಪಿನ್. "ಒಳಗಡೆ ಮೂಸಿ ನೋಡು ಬೇಕಾದ್ರೆ. ಮೂರು ತಲೆಮಾರಿನ ಬೆವರಿದೆ."

ಹುಡುಗಿಯೂ ನಕ್ಕಳು. ನಾನು ಎಲ್ಲಕ್ಕೂ 'ಇಲ್ಲವೇ ಇಲ್ಲ' ಎಂದೆ. ನನ್ನ ಕಿರೀಟದ ಪೆಟ್ಟಿಗೆಗೆ ನಗುವ ಸೂರ್ಯನ ಚೀಟಿ ಅಂಟಿಸಿ, ದೀರ್ಘವಾಗಿ ಉಸಿರೆಳೆಯಲು ಹೇಳಿಕೊಟ್ಟು ಹೋದಳು. ಅದನ್ನು ಉಗುರಿನಿಂದ ಕೆರೆದು ನೋಡಿದೆ, ಬರುತ್ತಿಲ್ಲ.

ಬುಧವಾರ ಬೂನ್‌ಚೂ ಬಂದ. ಕಟ್ಟೆಯ ಹಿಂದಿನ ಜಾಗ ಕೊಂಡು ವಸತಿಗೃಹ ಕಟ್ಟಿಸುತ್ತಿರುವವನು ಅವನೇ. ನೈವೇದ್ಯಕ್ಕೆ ಬೇಯಿಸಿದ ಹಂದಿತಲೆ, ನೂರು ಮೊಟ್ಟೆ, ಮಲ್ಲಿಗೆ ಹಾರಗಳ ಬುಟ್ಟಿ. "ಎಂಟೂ ಜನ ಬೇಕು, ಪೂರ್ತಿ ಮೇಳ. ಅಜ್ಜಯ್ಯ ನನ್ ಮಾತು ನಡೆಸ್ಕೊಟ್ಟ. ಒಳ್ಳೆ ನಗ್ತಾ ಕುಣೀರಮ್ಮ, ವಿಡಿಯೋ ತೆಗೀತಾರೆ," ಎಂದ. ಎಂಟು ಜನರ ಮೇಳ ನಾವು ಕಂಡು ಒಂದೂವರೆ ವರ್ಷವಾಗಿತ್ತು.

ಮುಂದೆ ನಿಂತವಳ ಕೆಲಸ ನಿನಗೆ ನಾನು ಹೇಳಬೇಕಾಗಿಲ್ಲ, ಅಂಗಡಿ ಇಡುವವರೆಗೆ ಅದು ನಿನ್ನದೇ ಜಾಗವಾಗಿತ್ತು. ಹರಕೆಯವನು ಚೀಟಿ ಕೊಡುತ್ತಾನೆ. ಅವನ ಹೆಸರನ್ನೂ ಅಜ್ಜಯ್ಯ ನಡೆಸಿಕೊಟ್ಟದ್ದನ್ನೂ ಎರಡು ನುಡಿಯಲ್ಲಿ ಸೇರಿಸಿ ಹಾಡಬೇಕು. ಚೀಟಿ ನನ್ನ ಕೈಗೆ ಬರುವಾಗ ಮದ್ದಳೆ ಶುರುವಾಗಿತ್ತು. ಮೇಳ ನಡುವೆ ನಿಂತರೆ ಹರಕೆ ಕುಣಿಯುವವರ ಮೇಲೆ ತಿರುಗುತ್ತದೆ ಎಂದು ನಮಗೆ ಕಲಿಸಿದವಳು ನೀನೇ. ಇದ್ದದ್ದನ್ನು ಹಾಡಿದೆ:

ಬೂನ್‌ಚೂ ಬೇಡಿದ, ಅಜ್ಜಯ್ಯ ಒಲಿದ,
ಕಟ್ಟೆಯ ಕೊಳಕನು ನೀರಲಿ ತೊಳೆದ.

ಕೊಳಕು. ದಿನಕ್ಕೆರಡು ಸಲ ಬಿಸಿನೀರಿನಲ್ಲಿ ಹಲಗೆ ಉಜ್ಜುತ್ತಿದ್ದ ನಿನ್ನ ಅಂಗಡಿ. ಆ ಶಬ್ದಕ್ಕೆ ಅವನು ಚಪ್ಪಾಳೆ ತಟ್ಟಿ, "ಆಹಾ, ಅದೇ ಅದೇ! ಇನ್ನೊಂದ್ ಸಲ!" ಎಂದು ಕೂಗಿದ. ಇನ್ನೊಂದು ಸಲ ಹಾಡಿದೆ. ನಾವು ಎಂಟು ಜನ ನಗುತ್ತಿದ್ದೆವು. ಬೆಂದು ತುಟಿ ಬಿರಿದಿದ್ದರಿಂದ ಹಂದಿತಲೆಯೂ ನಗುತ್ತಿತ್ತು, ಮೂಗಿನ ಮೇಲೆ ನೊಣ. ಅಜ್ಜಯ್ಯನನ್ನು ನೋಡಿದೆ. ನಾನು ಹರಕೆ ಹೊತ್ತದ್ದೂ ಇದೇ ಮುಖದ ಮುಂದೆ. ಒಬ್ಬಳ ಒಂಬತ್ತು ದಿನದ ಕುಣಿತಕ್ಕಿಂತ ಎಂಟು ಜನರ ಮೇಳ ಅವನಿಗೆ ಚೆನ್ನಾಗಿ ಕಂಡಿರಬೇಕು. ಹೇಸಿಗೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರ ಎಂಥೆಂಥ ಬೇಡಿಕೆಗೆ ಹೀಗೆ ಕೈ ಬಳುಕಿಸಿದ್ದೇನೋ! ಗೆದ್ದವರು ಮಾತ್ರ ನಮ್ಮನ್ನು ಕರೆಸುತ್ತಾರೆ. ಯಾರನ್ನು ಸೋಲಿಸಿ ಬಂದರು ಎಂದು ನಾವು ಒಂದು ದಿನವೂ ಕೇಳಿಲ್ಲ.

ಕಿರೀಟ ತೆಗೆಯುವಾಗ ಸಾಯಿಪಿನ್ ನನ್ನ ಕಡೆ ನೋಡಲಿಲ್ಲ. ಕನ್ನಡಿಯನ್ನೇ ನೋಡುತ್ತ ಕೇಳಿದಳು: "ಅಕ್ಕಾ, ಕೊಳಕು ಅಂದ್ಯಲ್ಲ. ಲಮ್ಯಾಯಕ್ಕನ ಅಂಗಡಿಗಾ?"

"ಚೀಟಿಲಿ ಇದ್ದಿದ್ದು ಹಾಡ್ದೆ ಕಣೇ."

"ನನ್ ಕೈಲಿ ಕೊಟ್ಟಿದ್ರೆ ಹರಿದು ಹಂದಿ ಬಾಯಿಗೆ ತುರುಕ್ತಿದ್ದೆ."

"ತುರುಕ್ತಿದ್ದೆ, ತುರುಕ್ತಿದ್ದೆ. ಆಮೇಲೆ ಅಕ್ಕಿ ಯಾರ್ ತರ್ತಿದ್ರು? ನಿನ್ ಗೊಂಬೇನಾ?"

ಅವಳು ಕಿರೀಟವನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಹೋದಳು.

ಪದ್ಧತಿಯಂತೆ ನೈವೇದ್ಯದಲ್ಲಿ ನಮಗೂ ಪಾಲು ಬಂತು. ಮುಂದೆ ನಿಂತವಳಿಗೆ ಹಂದಿಯ ಕಿವಿ. ಪ್ಲಾಸ್ಟಿಕ್ ಚೀಲದಲ್ಲಿ ತಂದೆ. ನದಿಗೆಸೆಯಬೇಕೆಂದು ಕಟ್ಟೆಯವರೆಗೂ ಹೋದೆ. ನಿನ್ನ ಅಂಗಡಿಯಿದ್ದಲ್ಲಿ ಜಲ್ಲಿ ಸುರಿದಿದ್ದಾರೆ. ಚೀಲ ಹಿಡಿದುಕೊಂಡೇ ಮನೆಗೆ ಬಂದೆ. ಅದನ್ನು ಹೆಚ್ಚಿ, ಹುಣಸೆಹುಳಿ ಹಾಕಿ ಸಾರು ಮಾಡಿ ಉಂಡೆ. ಚೆನ್ನಾಗಿತ್ತು, ಲಮ್ಯಾಯ್. ಅದನ್ನೂ ಬರೆಯಲೇಬೇಕು. ತಟ್ಟೆ ಬೆರಳಿನಿಂದ ಬಳಿದು ಉಂಡೆ.

ಬರುವ ಬುಧವಾರ ಆ ಹುಡುಗಿ ಫಾರಂ ಹಿಡಿದು ಮತ್ತೆ ಬರುತ್ತಾಳೆ. ಹೋದ ಸಲದ ಉತ್ತರ ತಿದ್ದಲು ಬಿಡುತ್ತಾಳೋ ಇಲ್ಲವೋ ಕೇಳಬೇಕು.

ಮಂಡಿಯ ಮೇಲೆ ಭಾರ ಹಾಕಬೇಡ, ಮೆಟ್ಟಿಲು ಹತ್ತಬೇಡ. ಅಜ್ಜಯ್ಯ ನಿನ್ನನ್ನು ಕಾಯಲಿ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಕಾಲು ಗಟ್ಟಿಯಾಗಲಿ. ನೀನಿರುವ ಊರಿನಲ್ಲೇ ಯಾರಾದರೂ ಒಂದು ಒಲೆ ಹೂಡುವಷ್ಟು ಜಾಗ ಕೊಡಲಿ. ಜಾಗ ಸಿಕ್ಕಿತೆಂದು ಬರೆದರೆ ಕಾವಲಿಯನ್ನು ಬಸ್ಸಿನಲ್ಲಿ ಕಳಿಸುತ್ತೇನೆ.

ಮೇಳದಲ್ಲಿ ನಿನ್ನ ಎಡಗಡೆ ನಿಲ್ಲುತ್ತಿದ್ದ
ಚಮ್ನಿಯನ್

ತಾ.ಕ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬೇರೆ ಕಾಗದ ತೆಗೆದುಕೊಂಡು ತಿದ್ದಿ ಬರೆಯಬಹುದಿತ್ತು, ಹಾಗೆ ಮಾಡುವುದಿಲ್ಲ. ಚೀಟಿ ಬಂದದ್ದು ಮದ್ದಳೆ ಶುರುವಾದ ಮೇಲಲ್ಲ, ಬೆಳಗ್ಗೆ ಎಂಟಕ್ಕೆ. ಮೇಳ ನಡೆದದ್ದು ಹನ್ನೊಂದಕ್ಕೆ. ಮೂರು ಗಂಟೆ ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ನುಡಿ ಕಟ್ಟುತ್ತ ಕುಳಿತಿದ್ದೆ. ಇನ್ನೊಂದು ಮೇಳಕ್ಕೂ ಅವನು ನಮ್ಮನ್ನೇ ಕರೆಯಲಿ ಎಂದು ಚೆನ್ನಾಗಿ ಕಟ್ಟಿದೆ. ಚೀಟಿಯನ್ನು ಇದರೊಳಗೆ ಮಡಚಿಟ್ಟಿದ್ದೇನೆ. ಓದು. 'ಕಟ್ಟೆಯ ಅಂಗಡಿಗಳು ತೆರವಾಗಿವೆ, ಅಜ್ಜಯ್ಯನಿಗೆ ವಂದನೆ' ಎಂದಷ್ಟೇ ಇದೆ. ಕೊಳಕು ಎಂಬ ಶಬ್ದ ಅದರಲ್ಲಿ ಎಲ್ಲೂ ಇಲ್ಲ.