ಓರೆಯಾಗಿ ನಿಂತ ಜೋಕಾಲಿ

ಮರುನೆಲೆಯ ನೂರಾ ಎಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳಾದ ಉರಿಮಾಸದ ಕೊನೆಯ ಸೋಮವಾರ, ಹುಬ್ಬಳ್ಳಿ

ಮಾನ್ಯ ಮನೋಹರ ಕುಪ್ಪೇಲೂರ ಅವರಿಗೆ, ಸಾವಂತ್ರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ಓದಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಹರಿದುಹಾಕಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಅಂಗಡಿ ಬೋರ್ಡುಗಳನ್ನು ನೋಡಿ ಕಲಿತವಳು. ಮಾತು ಅಲ್ಲಲ್ಲಿ ತೊಡಕಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಜನ್ಮಕ್ಕೊಂದು ಹಿಂದೋಲೆ ಬರೆಯುವ ಹಕ್ಕಿದೆ. ಹೆಚ್ಚಿನವರು ತೀರಿಕೊಂಡ ತಂದೆತಾಯಿಗೆ ಬರೆಯುತ್ತಾರೆ. ನಾನೂ ನಮ್ಮವ್ವನಿಗೆ ಬರೆಯಬೇಕೆಂದು ಇಷ್ಟು ವರ್ಷ ಉಳಿಸಿಕೊಂಡಿದ್ದೆ. ಈಗ ಅದನ್ನು ಗುರುತು ಪರಿಚಯವಿಲ್ಲದ ನಿಮಗಾಗಿ ಖರ್ಚು ಮಾಡುತ್ತಿದ್ದೇನೆ. ಯಾಕೆಂದರೆ ನನ್ನ ತಂಗಿ ಪಾರೋತಿಯನ್ನು ಉಳಿಸುವುದು ನಿಮ್ಮೊಬ್ಬರ ಕೈಯಲ್ಲಿದೆ.

ನೀವು ಇಲ್ಲಿ ಬಹಳ ದೊಡ್ಡ ಮನುಷ್ಯರು, ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕಾಲದವರು ತೆಗೆದ ಲೆಕ್ಕವಿಲ್ಲದಷ್ಟು ಫೋಟೋಗಳು ಯಂತ್ರಗಳ ಹೊಟ್ಟೆಯಲ್ಲಿದ್ದವಂತೆ. ಬಿಸಿಲು ತಾಳಲಾರದೆ ಜನ ಊರು ಬಿಟ್ಟು ನೆಲದಡಿಯಲ್ಲಿ ಬದುಕಿದ ಕಾಲವನ್ನು ನಾವು ಉರಿವರ್ಷಗಳು ಎನ್ನುತ್ತೇವೆ. ಆಗ ಯಂತ್ರಗಳೂ ಹೋದವು, ಫೋಟೋಗಳೂ ಹೋದವು. ನಿಮ್ಮವು ಮಾತ್ರ ಉಳಿದವು. ರಜೆ ಸಿಕ್ಕಾಗಲೆಲ್ಲ ನೀವು ಊರೂರು ತಿರುಗಿ ಪಾರ್ಕು, ಸಿಟಿ ಬಸ್ಸು, ಆಟೋ, ಟಂಟಂ, ಟಾಂಗಾ ಎಂದು ತೆಗೆದು, ಪ್ರಿಂಟು ಹಾಕಿಸಿ, ಕಬ್ಬಿಣದ ಟ್ರಂಕಿನಲ್ಲಿಟ್ಟಿದ್ದಿರಿ. ಪ್ರತಿಯೊಂದರ ಮೂಲೆಯಲ್ಲೂ ಬಿಳಿ ಅಕ್ಷರದಲ್ಲಿ ನಿಮ್ಮ ಹೆಸರು, ಅದರ ಮುಂದೆ ‘ಹವ್ಯಾಸಿ’ ಎಂಬ ಪದ. ಅದು ಯಾವುದೋ ರಾಜಮನೆತನದ ಬಿರುದೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ.

ನಾವು ಮರುನೆಲೆ ಎಂದು ಕರೆಯುವ ಆ ವರ್ಷ ನೆಲದಡಿಯಿಂದ ಜನ ಮೇಲೆ ಬಂದಾಗ, ಊರೆಂದರೆ ಹೇಗಿರಬೇಕು ಎಂಬುದು ಒಬ್ಬರಿಗೂ ನೆನಪಿರಲಿಲ್ಲ. ಒಬ್ಬರು ಹೀಗೆ ಕಟ್ಟೋಣ ಎಂದರೆ ಇನ್ನೊಬ್ಬರು ಹಾಗೆ ಎಂದರು, ಮಾತಿಗೆ ಮಾತು ಬೆಳೆದು ಹೆಣಗಳು ಬಿದ್ದವಂತೆ. ಕೊನೆಗೆ ಹಿರಿಯರು ನಿಮ್ಮ ಟ್ರಂಕಿನ ಮೇಲೆ ಕೈಯಿಟ್ಟು ಆಣೆ ಮಾಡಿದರು: ಫೋಟೋದಲ್ಲಿ ಕಂಡದ್ದು ಇರಬೇಕು, ಕಾಣದ್ದು ಇರಕೂಡದು. ಅಂದಿನಿಂದ ಜಗಳ ನಿಂತಿತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ನಿಮ್ಮ ಫೋಟೋಗಳಿಗೆ ಸಾಕ್ಷಿಪಟ ಎಂಬ ಹೆಸರು ಬಂತು. ಅವನ್ನು ಕಾಯುತ್ತ, ಅವುಗಳ ಪ್ರಕಾರ ತೀರ್ಪು ಕೊಡುವ ಸಭೆಗೆ ನೋಟಮನೆ ಎನ್ನುತ್ತೇವೆ. ಯಾವ ಫೋಟೋ ಯಾವ ಊರಿನದೆಂದು ತಿಳಿಯದೆ ಎಲ್ಲವನ್ನೂ ಹುಬ್ಬಳ್ಳಿಯೊಂದರಲ್ಲೇ ಕಟ್ಟಿಬಿಟ್ಟಿದ್ದಾರೆ. ಹಾಗಾಗಿ ನಮ್ಮಲ್ಲಿ ಬಸ್‌ಸ್ಟ್ಯಾಂಡುಗಳು ಬೇಕಾದಷ್ಟಿವೆ.

ಆದರೆ ಸ್ವಾಮಿ, ನಿಮ್ಮ ಫೋಟೋಗಳಲ್ಲಿ ಜನರೇ ಇಲ್ಲವಲ್ಲ! ಹುಲ್ಲಿನ ಮೇಲೆ ಇಲ್ಲ, ಬೆಂಚಿನ ಮೇಲೆ ಇಲ್ಲ, ಬಸ್ಸಿನ ಕಿಟಕಿಯಲ್ಲಿ ಒಂದು ಮುಖವಿಲ್ಲ. ಆಟೋಗಳು ಸಾಲಾಗಿ ನಿಂತಿವೆ, ಡ್ರೈವರುಗಳು ಎಲ್ಲಿ ಹೋದರೋ ದೇವರೇ ಬಲ್ಲ. ಆದ್ದರಿಂದ ದಾರಿಯಲ್ಲಿ ನಡೆಯುವುದೊಂದು ಬಿಟ್ಟರೆ ಸಾಕ್ಷಿಪಟದಲ್ಲಿರುವ ಯಾವುದನ್ನೂ ನಾವು ಬಳಸುವಂತಿಲ್ಲ. ಪಾರ್ಕು ಇರುವುದು ನೋಡುವುದಕ್ಕೆ ಮಾತ್ರ. ಬೇಲಿಯ ಹೊರಗೆ ನಿಂತು, ನೋಡಿ, ಕೈಮುಗಿದು ಹೋಗುತ್ತೇವೆ. ಒಂದು ಸಾಕ್ಷಿಪಟದಲ್ಲಿ ಜೋಕಾಲಿಯೊಂದು ಮುಂದಕ್ಕೆ ಓರೆಯಾಗಿ ನಿಂತಿದೆ. ಹಾಗೆಂದು ನಮ್ಮ ಪಾರ್ಕಿನ ಜೋಕಾಲಿಯನ್ನೂ ಕಬ್ಬಿಣದ ಸರಳು ಬೆಸೆದು ಓರೆಯಾಗಿಯೇ ನಿಲ್ಲಿಸಿದ್ದಾರೆ. ಗಾಳಿ ಬಂದರೂ ಅದು ಅಲ್ಲಾಡುವುದಿಲ್ಲ. ಇನ್ನೊಂದರಲ್ಲಿ ಬೆಂಚಿನ ಕೆಳಗೆ ಶೇಂಗಾ ಸಿಪ್ಪೆ ಬಿದ್ದಿದೆ, ಅದಕ್ಕೆ ಪಾರ್ಕಿನ ಕಾವಲಿನವರು ದಿನಾ ಬೆಳಿಗ್ಗೆ ಸಿಪ್ಪೆ ತಂದು ಉದುರಿಸುತ್ತಾರೆ. ಶೇಂಗಾ ತಿನ್ನುವವರು ಮಾತ್ರ ಯಾರೂ ಇಲ್ಲ.

ನಾನು ಸಿಟಿ ಬಸ್ಸಿನ ಡ್ರೈವರ್. ನಿಮ್ಮ ಫೋಟೋದಲ್ಲಿ ಬಸ್ಸಿನ ಮುಂದಿನ ಗಾಜಿಗೆ ಬಿಸಿಲು ಹೊಡೆದು ಡ್ರೈವರ್ ಸೀಟು ಕಾಣುವುದಿಲ್ಲ. ಅಲ್ಲಿ ಒಬ್ಬ ಇದ್ದನೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು ಎಂದು ನೋಟಮನೆಯವರು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡು, ಕೊನೆಗೆ ಡ್ರೈವರನ್ನು ಒಪ್ಪಿಕೊಂಡರು. ಆದರೂ ನಾನು ಹೊರಗಿನವರಿಗೆ ಕಾಣಬಾರದೆಂದು ಮುಂದೆ ಕಪ್ಪು ಪರದೆ ಕಟ್ಟಿ, ಕಣ್ಣಿಗೆ ಎರಡು ತೂತು ಬಿಟ್ಟಿದ್ದಾರೆ. ಬಸ್ಸು ಮಾತ್ರ ಖಾಲಿಯಾಗಿಯೇ ಓಡಬೇಕು. ಉರಿಬಿಸಿಲಲ್ಲಿ ಜನ ತಲೆಯ ಮೇಲೆ ಗಂಟು ಹೊತ್ತು, ಕಂಕುಳಲ್ಲಿ ಕೂಸು ಹಿಡಿದು, ಬಸ್ಸಿನ ಪಕ್ಕದಲ್ಲೇ ನಡೆದುಕೊಂಡು ಹೋಗುತ್ತಾರೆ. ಬಸ್ಸಿನ ನೆರಳು ಸಿಗುತ್ತದಲ್ಲ ಎಂದು ನಾನು ಆದಷ್ಟು ನಿಧಾನ ಓಡಿಸುತ್ತೇನೆ. ನನ್ನ ಹಿಂದೆ ಖಾಲಿ ಸೀಟುಗಳು ಗಡಗಡ ಎನ್ನುತ್ತಿರುತ್ತವೆ. ಇದೇ ನನ್ನ ಬದುಕು.

ಪಾರೋತಿಗೆ ಎಂಟು ತಿಂಗಳು ತುಂಬಿದೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು. ಕಳೆದ ವಾರ ನೀರಿನ ಕೊಡ ತರುವಾಗ ಪಾರ್ಕಿನ ಬಳಿ ಅವಳಿಗೆ ಕಣ್ಣು ಕತ್ತಲಿಟ್ಟು ಬಂತಂತೆ. ಬೇಲಿ ದಾಟಿ ಹೋಗಿ ಬೇವಿನ ಮರದಡಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಚಪ್ಪಲಿ ಬಿಟ್ಟು, ಕಾಲು ನೀಡಿ, ಬೆನ್ನು ಆನಿಸಿ ಕೂತಳು. ಕಾವಲಿನವರು ಬಂದು ಎಬ್ಬಿಸಿ ನೋಟಮನೆಯ ಸೆರೆಗೆ ಒಯ್ಯುವವರೆಗೂ ಹಾಗೇ ಇದ್ದಳು. ಅಲ್ಲಿ ನೋಡಲು ಹೋದಾಗ ನಾನು ಬೈದೆ, ನಿನಗೆ ಬುದ್ಧಿ ಬೇಡವೇ ಎಂದೆ. ಅವಳು ಅಳಲೂ ಇಲ್ಲ. “ಅಕ್ಕಾ, ಕಾಲಾಗ ಜೀವಾನ ಇರ್ಲಿಲ್ಲ ನೋಡ. ಕುಂತ ಕೂಡ್ಲೆ ಹೊಟ್ಟ್ಯಾಗಿನ ಕೂಸು ಸುಮ್ಮನಾತು. ಎಷ್ಟ್ ಹಿತಾ ಅನಸ್ತಂತಿ!” ಎಂದಳು.

ಸಾಕ್ಷಿಪಟದಲ್ಲಿ ಇಲ್ಲದ್ದನ್ನು ಮಾಡಿದವರಿಗೆ ಇರುವುದು ಒಂದೇ ಶಿಕ್ಷೆ. ಊರ ಅಗಸಿಯಾಚೆಗಿನ ಬಯಲಿಗೆ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಅಲ್ಲಿ ನೀರಿಲ್ಲ. ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ನೋಟಮನೆಗೆ ಹೋಗಿ ಕಾಲಿಗೆ ಬಿದ್ದೆ. ಅಲ್ಲಿನ ಹಿರಿಯರಾದ ನಿಂಗನಗೌಡರು ಕೆಟ್ಟವರಲ್ಲ, ನನಗೆ ಕುಡಿಯಲು ನೀರು ಕೊಟ್ಟು ಮಾತಾಡಿಸಿದರು. “ಕೂಡ್ರಾಕಲ್ಲಂದ್ರ ಬೆಂಚಿಗೆ ಬೆನ್ನು ಯಾಕ್ರಿ ಹಚ್ಚಿದ್ರು? ಬಸ್ಸಿನಾಗ ಸೀಟ ಯಾಕ್ ಇಟ್ಟಾರ್ರಿ?” ಎಂದು ಕೇಳಿದೆ. “ಹಿಂದಿನವ್ರು ಚಂದಕ್ಕಂತ ಏನೇನೋ ಮಾಡ್ತಿದ್ರವ್ವಾ” ಎಂದರು. ಆಮೇಲೆ ತಲೆ ತಗ್ಗಿಸಿ, “ಒಂದ ಒಂದು ಪಟದಾಗ ಒಬ್ಬ ಮನಶ್ಯಾ ಕುಂತಿದ್ದು ತೋರಸು. ನಿನ್ನ ತಂಗಿನ್ನ ಈಗಿಂದೀಗ ಮನಿಗೆ ಕಳಸ್ತೀನಿ. ಅದಿಲ್ಲದ ನಾ ಬಿಟ್ರ ಮತ್ತ ಊರಾಗ ಹೆಣಾ ಬೀಳ್ತಾವು” ಎಂದರು.

ಹುಡುಕಿದೆ. ಸಾಕ್ಷಿಪಟಗಳನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದನ್ನೂ ನೋಡಿದೆ. ನೋಡುತ್ತ ನೋಡುತ್ತ ನನಗೆ ನೀವು ಅರ್ಥವಾದಿರಿ, ಕುಪ್ಪೇಲೂರ ಅವರೇ. ಜೋಕಾಲಿ ಓರೆಯಾಗಿರುವುದು ಯಾವುದೋ ಮಗು ಆಗಷ್ಟೇ ಅದರಿಂದ ಹಾರಿ ಇಳಿದದ್ದಕ್ಕೆ. ಹುಲ್ಲು ಮಲಗಿರುವುದು ಯಾರೋ ಅಲ್ಲಿಂದ ಈಗ ಎದ್ದು ಹೋದದ್ದಕ್ಕೆ. ನೀವು ಕ್ಯಾಮೆರಾ ಹಿಡಿದು ಕಾಯುತ್ತ ನಿಂತಿದ್ದಿರಿ. ಮುದುಕಿ ಏಳಲಿ, ಹುಡುಗರು ಸರಿಯಲಿ, ಶೇಂಗಾ ಮಾರುವವನು ಅತ್ತ ಹೋಗಲಿ, ಬಸ್ಸಿನಿಂದ ಎಲ್ಲರೂ ಇಳಿಯಲಿ ಎಂದು ಕಾದಿರಿ. ‘ಸ್ವಲ್ಪ ಪಕ್ಕಕ್ಕೆ ಸರೀತೀರಾ?’ ಎಂದು ಕೇಳಿಯೂ ಇರಬಹುದು. ಜನ ನಿಮಗೆ ಅಡ್ಡ ಬರುತ್ತಿದ್ದರು. ನಿಮಗೆ ಬೇಕಾಗಿದ್ದದ್ದು ಚಂದದ ಫೋಟೋ, ಅದರಲ್ಲಿ ತಪ್ಪೇನಿದೆ ಎಂದು ನನ್ನ ಬುದ್ಧಿ ಹೇಳುತ್ತದೆ. ಹೊಟ್ಟೆ ಮಾತ್ರ ಉರಿಯುತ್ತದೆ. ನಿಮ್ಮ ತಾಳ್ಮೆಗೆ ಇಷ್ಟು ಬೆಂಕಿ ಬೀಳಲಿ ಎಂದು ಗಾಜಿಗೆ ಹಣೆ ಚಚ್ಚಿಕೊಂಡು ಶಪಿಸಿದ್ದೇನೆ, ಕ್ಷಮಿಸಿ.

ನಾನು ಕೇಳುವುದು ಇಷ್ಟೇ. ಮುಂದಿನ ಸಲ ಯಾವ ಊರಿಗೆ ಹೋದರೂ, ಜನ ಇದ್ದಾಗಲೇ ಒಂದು ಫೋಟೋ ತೆಗೆಯಿರಿ. ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿರಲಿ. ಚಂದ ಬರದಿದ್ದರೂ ಚಿಂತೆಯಿಲ್ಲ. ಅವಳ ಅರ್ಧ ತಲೆ ಕತ್ತರಿಸಿ ಹೋಗಲಿ, ನಿಮ್ಮ ಬೆರಳು ಅಡ್ಡ ಬರಲಿ, ಅವಳು ಬಾಯಿ ತೆರೆದು ಆಕಳಿಸುತ್ತಿರಲಿ. ಅಂಥವನ್ನು ನೀವು ಕೆಟ್ಟ ಫೋಟೋ ಎಂದು ಎಸೆದಿರಬೇಕು. ನನಗೆ ಬೇಕಾದದ್ದು ನೀವು ಎಸೆದ ಆ ಫೋಟೋ. ಅದನ್ನೂ ಪ್ರಿಂಟು ಹಾಕಿಸಿ ಟ್ರಂಕಿನಲ್ಲಿಡಿ. ನಿಮ್ಮಲ್ಲಿ ಏನಾದರೂ ಬದಲಾದರೆ ಇಲ್ಲಿ ಮರುದಿನ ಬೆಳಗಾಗುವಷ್ಟರಲ್ಲಿ ಬದಲಾಗಿರುತ್ತದೆ ಎನ್ನುತ್ತಾರೆ. ನಿಜವೋ ಸುಳ್ಳೋ ನನಗೆ ತಿಳಿಯದು. ಹಿಂದೋಲೆ ಬರೆದ ಯಾರಿಗೂ ಸತ್ತ ತಂದೆತಾಯಿ ಎದ್ದು ಬಂದದ್ದನ್ನು ನಾನಂತೂ ನೋಡಿಲ್ಲ.

ನಾಳೆ ಬೆಳಿಗ್ಗೆ ಪಾರೋತಿಯನ್ನು ನಡೆಸಿಕೊಂಡು ಅಗಸಿಗೆ ಕರೆದೊಯ್ಯುತ್ತಾರೆ. ನನ್ನ ಬಸ್ಸಿನ ದಾರಿಯೂ ಅದೇ, ಹೊತ್ತೂ ಅದೇ. ಹೊರಡುವ ಮೊದಲು ನೋಟಮನೆಗೆ ಹೋಗಿ ಗಾಜಿನ ಸಾಲನ್ನು ಇನ್ನೊಮ್ಮೆ ನೋಡುತ್ತೇನೆ. ಅಲ್ಲಿ ಒಬ್ಬಳು ಹೆಂಗಸು ಬೆಂಚಿನ ಮೇಲೆ ಕೂತಿದ್ದರೆ ನಿಂಗನಗೌಡರ ಕೈಹಿಡಿದು ಎಳೆದು ತರುತ್ತೇನೆ, ನನ್ನ ತಂಗಿ ಮನೆಗೆ ಬರುತ್ತಾಳೆ, ಅವಳ ಬಾಣಂತನ ಮಾಡುತ್ತ ದಿನಾ ನಿಮ್ಮ ಹೆಸರು ನೆನೆಯುತ್ತೇನೆ. ಕೂತಿರದಿದ್ದರೆ, ಕಣ್ಣಮುಂದಿನ ಪರದೆ ಕಿತ್ತೊಗೆದು, ಕಾವಲಿನವರ ಪಕ್ಕದಲ್ಲೇ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ಅವಳನ್ನು ಹತ್ತಿಸಿಕೊಳ್ಳುತ್ತೇನೆ. ಆ ತಪ್ಪಿಗೆ ನನ್ನನ್ನೂ ಆಚೆ ಹಾಕುತ್ತಾರೆ. ಹಾಕಲಿ. ಬಯಲಿನಲ್ಲಿ ನೋವು ಶುರುವಾದರೆ ಅವಳ ಕೈಹಿಡಿಯಲು ಒಬ್ಬರಾದರೂ ಬೇಕಲ್ಲ. ನನಗೆ ಹೆದರಿಕೆಯಿದೆ ಕುಪ್ಪೇಲೂರ ಅವರೇ, ಇಲ್ಲವೆಂದರೆ ಸುಳ್ಳಾದೀತು. ಆದರೆ ಇಷ್ಟು ವರ್ಷ ಬಸ್ಸು ಓಡಿಸಿಯೂ ನಾನು ಒಬ್ಬರನ್ನೂ ಎಲ್ಲಿಗೂ ಮುಟ್ಟಿಸಿಲ್ಲ. ನಾಳೆ ಮುಟ್ಟಿಸುತ್ತೇನೆ.

ಇತಿ,
ಸಾವಂತ್ರಿ