ಎರಡೆರಡು ಸಲ ಕಳೆದ ನಾಲ್ಕು ಪರ್ಸೆಂಟ್

ಮಾರ್ಚ್ 3, ಸೋಮವಾರ
ವಿದ್ಯುತ್ ಸ್ಥಾವರದಿಂದ ವರ್ಷದ ರಿಜಿಸ್ಟರ್ ಬಂತು. ರಾಜ್ಯದಲ್ಲಿ ಎಣ್ಣೆ ಉರಿಸಿ ಕರೆಂಟ್ ಮಾಡುವುದು ಇದೊಂದೇ. ಎಷ್ಟು ಲೀಟರ್ ಉರಿಯಿತು, ಅದರಿಂದ ಎಷ್ಟು ಟನ್ ಕಾರ್ಬನ್ ಡೈ ಆಕ್ಸೈಡ್ — ಇದಿಷ್ಟೇ ನನ್ನ ಕೆಲಸ. ಒಂಬತ್ತು ವರ್ಷವಾಯಿತು, ಇನ್ನೂ ಬೇಜಾರಾಗಿಲ್ಲ. ಕಳೆದ ವರ್ಷ ಹಾಕಿದ ಲೆಕ್ಕ 2,97,000 ಟನ್. ಮೊದಲ ಸಲ ಮೂರು ಲಕ್ಷದ ಕೆಳಗೆ! ನಮ್ಮ ಆಫೀಸಿನ ಮೇಡಂ ಆಗಲೇ ಪತ್ರಿಕೆಯವರನ್ನು ಕರೆದು ಹೇಳಿದ್ದರು. ಪ್ರಮೋಷನ್ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯಂತೆ.

ರಿಜಿಸ್ಟರ್ ತುಂಬ ಇವರದೇ ಅಕ್ಷರ. ಟ್ಯಾಂಕಿಗೆ ಕೋಲು ಇಳಿಸಿ ಅಳೆಯುವುದು ನಮ್ಮನೆಯವರು. ಗಂಡ ಅಳೆಯುವುದು, ಹೆಂಡತಿ ಲೆಕ್ಕ ಹಾಕುವುದು — ಜನರ ಬಾಯಿಗೆ ಇನ್ನೇನು ಬೇಕು? ಅದಕ್ಕೇ ಮದುವೆಯಾದಾಗಲೇ ಮಾತಾಗಿತ್ತು, ಆಫೀಸು ಹೊಸ್ತಿಲ ಆಚೆ.

ಮಾರ್ಚ್ 9, ಭಾನುವಾರ
ಆಫೀಸಿಗೆ ಬಣ್ಣ ಹೊಡೆಯುತ್ತಿದ್ದಾರೆ, ಫೈಲು ಮನೆಗೆ ತಂದೆ. ಊಟದ ಮೇಜಿನ ಮೇಲೇ ಲೆಕ್ಕ. ಇವರು ಎದುರಿಗೆ ಬಟಾಣಿ ಸುಲಿಯುತ್ತಿದ್ದರು.

"ಅದೇನೇ, ಎಲ್ಲದಕ್ಕೂ ನಾಲ್ಕು ಪರ್ಸೆಂಟ್ ಕಳೀತಿದ್ದೀಯಾ?"

"ಟ್ಯಾಂಕಲ್ಲಿ ಎಣ್ಣೆ ಬಿಸಿ ಇರುತ್ತೆ, ಉಬ್ಬಿರುತ್ತೆ. ಅಷ್ಟು ಕಳೀಬೇಕಲ್ಲ. ಅಂದ್ಹಾಗೆ, ಆಫೀಸ್ ವಿಷಯ ಎತ್ತಬಾರದು ಅಂತ ಅಲ್ವಾ?"

ಇವರ ಕೈ ನಿಂತಿತು. "ಅಯ್ಯೋ ದೇವ್ರೇ... ಅದನ್ನ ಕಳೆದೇ ನಾನು ಬರೆಯೋದು ಕಣೇ! ಸೇರಿದ ದಿನದಿಂದ."

ಇವರಿಗಿಂತ ಮುಂಚೆ ಇದ್ದವನು ಕೋಲು ತೋರಿಸಿದ್ದನ್ನೇ ಬರೆಯುತ್ತಿದ್ದ. ಆಮೇಲೆ ಸೇರಿದ ನಾನು ಅವನ ಕಾಲದ ಹಳೇ ಫಾರಂ ನೋಡಿ ಕಲಿತವಳು, ಕಳೆಯುತ್ತಲೇ ಬಂದೆ. ಗಂಡನೂ ಜಾಣ, ಹೆಂಡತಿಯೂ ಜಾಣೆ. ಒಂದೇ ನಾಲ್ಕು ಪರ್ಸೆಂಟನ್ನು ಎರಡೆರಡು ಸಲ ಕಳೆದಿದ್ದೇವೆ. ಕಳೆದ ವರ್ಷದ ನಿಜವಾದ ಅಂಕಿ ಮೂರು ಲಕ್ಷ ಒಂಬತ್ತು ಸಾವಿರ ಚಿಲ್ಲರೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಯಾಕೋ ನಗು ಬಂತು. ಸುಮಾರು ಹೊತ್ತು ನಕ್ಕೆವು.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 11
ನಾಲ್ಕು ದಿನ ಬಾಯಿ ಬಿಡಲಿಲ್ಲ. ಇವತ್ತು ಹೇಳಿಬಿಟ್ಟೆ. ಮೇಡಂ ಕನ್ನಡಕ ತೆಗೆದಿಟ್ಟರು.

"ಒಂಬತ್ತು ವರ್ಷಾನಾ?"

"ಹೂಂ ಮೇಡಂ."

"ಸ್ಥಾವರದ ರಿಜಿಸ್ಟರ್ ಸ್ಪಷ್ಟ ಇರಲಿಲ್ಲ ಅಂತ ತಿದ್ದುಪಡೀಲಿ ಹಾಕಿಬಿಡಿ. ನಿಮ್ಮ ಪ್ರಮೋಷನ್‌ಗೂ ತೊಂದ್ರೆ ಆಗಲ್ಲ."

"ರಿಜಿಸ್ಟರ್ ಬರೆಯೋದು ನಮ್ಮನೆಯವರು, ಮೇಡಂ."

"ಗೊತ್ತು. ಅದಕ್ಕೇ ಸಂಜೆವರೆಗೂ ಟೈಮ್ ಕೊಡ್ತಿದ್ದೀನಿ."

ಮಧ್ಯಾಹ್ನ 3.40
ಮೇಡಂ ಹೇಳಿದ್ದು ಅರ್ಧ ನಿಜವೇ. ರಿಜಿಸ್ಟರ್‌ನಲ್ಲಿ 'ಲೀಟರ್' ಅಂತ ಮಾತ್ರ ಇರುತ್ತದೆ, ಕಳೆದದ್ದೋ ಕಳೆಯದ್ದೋ ಇರುವುದಿಲ್ಲ. ಹಾಗೆಂದು ಬರೆದರೆ ಸುಳ್ಳಾಗದು. ಆದರೆ ವಿಚಾರಣೆಗೆ ಇವರನ್ನು ಕರೆಯುತ್ತಾರೆ. ಮಳೆ ಬಿಸಿಲೆನ್ನದೆ ಏಣಿ ಹತ್ತಿ ಅಳೆದ ಮನುಷ್ಯ ಕೈಕಟ್ಟಿ ನಿಂತು ಉತ್ತರ ಕೊಡಬೇಕು... ಕೇಳಿ ತಿಳಿದುಕೊಳ್ಳಬೇಕಾದವಳು ನಾನು. ಕೇಳಲಿಲ್ಲ.

ಬರೆದೆ: "ಸ್ಥಾವರದ ಅಳತೆ ಒಂಬತ್ತು ವರ್ಷವೂ ಸರಿಯಾಗಿತ್ತು. ತಪ್ಪು ಲೆಕ್ಕ ಹಾಕಿದವರದು." ಕೆಳಗೆ ನನ್ನ ಸಹಿ.

ಮೇಡಂ ಎರಡು ಸಲ ಓದಿದರು. "ಪ್ರಮೋಷನ್ ಮುಂದಿನ ವರ್ಷ ನೋಡೋಣ" ಅಂದರು. ಪಕ್ಕದಲ್ಲಿ ತಾವೂ ಸಹಿ ಹಾಕಿದರು. ನಮ್ಮನೆಯವರಿಗೆ ಏನೂ ಹೇಳಿಲ್ಲ.

ಏಪ್ರಿಲ್ 2, ಬುಧವಾರ. ಸಂಜೆ 7
ತಿದ್ದುಪಡಿ ಇವತ್ತು ಪತ್ರಿಕೆಯಲ್ಲಿ ಬಂತು, ಒಳಪುಟದ ಮೂಲೆಯಲ್ಲಿ. ಆಕಾಶವೇನೂ ತಲೆ ಮೇಲೆ ಬೀಳಲಿಲ್ಲ. "ಏನ್ ಮೇಡಂ, ಗಂಡ ಹೆಂಡತಿ ಮನೇಲಿ ಮಾತಾಡಲ್ವಾ?" ಅಂದ ಆಫೀಸಿನ ಟೈಪಿಸ್ಟ್. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇವರು ಪತ್ರಿಕೆ ಹಿಡಿದೇ ಬಂದರು. ಚಪ್ಪಲಿ ಸಹ ಬಿಟ್ಟಿಲ್ಲ. "ಸ್ಥಾವರದ ಅಳತೆ ಒಂಬತ್ತು ವರ್ಷವೂ ಸರಿಯಾಗಿತ್ತು" — ಜೋರಾಗಿ ಓದಿದರು. ಮುಂದಿನ ಸಾಲಿಗೆ ಬಂದಾಗ ಪತ್ರಿಕೆ ಮಡಚಿದರು. "ಇದನ್ನ ಯಾಕೆ ಹೇಳಲಿಲ್ಲ ನೀನು?" ಅಂದರು. ಆಫೀಸು ವಿಷಯ, ಮನೆಗೆ ತರಬಾರದಲ್ಲ, ಅಂದೆ.

ಈಗ ಹೊರಗೆ ನಮ್ಮತ್ತೆಗೆ ಫೋನಿನಲ್ಲಿ ಓದಿ ಹೇಳುತ್ತಿದ್ದಾರೆ. ಮೊದಲ ಸಾಲು ಮುಗಿಯಿತು. ಎರಡನೆಯದನ್ನು ಬಿಟ್ಟು, "ಅಮ್ಮಾ, ನಿನ್ನ ಸೊಸೆ ಇದ್ದಾಳಲ್ಲ, ಅವಳೇ ಬರೆದಿದ್ದು ಇದನ್ನ!" ಅನ್ನುತ್ತಿದ್ದಾರೆ.